ಮಂಡಿ ಆಪರೇಷನ್ ಆದವರಲ್ಲಿ ಯಾರಿಗೆ ಸಮಾಧಾನ, ಯಾರಿಗೆ ಇಲ್ಲ

ಮಂಡಿ ಬದಲಾಯಿಸಿಕೊಂಡ ಐದು ಜನರಲ್ಲಿ ಒಬ್ಬರಿಗೆ, ವರ್ಷ ಕಳೆದರೂ, ಅಷ್ಟು ಸಮಾಧಾನ ಇರುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ 1,703 ಆಪರೇಷನ್‌ಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 19ರಷ್ಟು ಮಂದಿ ತಮಗೆ ತೃಪ್ತಿ ಇಲ್ಲ ಎಂದಿದ್ದರು. ಅದಕ್ಕೂ ಮುಂಚೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಅಲ್ಲೂ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಬಂತು. ಸುಮಾರು ಶೇ 82 ಮಂದಿ ತೃಪ್ತಿ ಇದೆ ಎಂದರು, ಶೇ 7 ಮಂದಿ ಇಲ್ಲ ಎಂದರು, ಉಳಿದವರಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಹಾಸನದ ಸುತ್ತಮುತ್ತಲ ಊರುಗಳಲ್ಲಿ ಆಪರೇಷನ್ ಆಗಿ ಮನೆಗೆ ಬಂದವರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಡಾಕ್ಟರು ರೋಗಿಯನ್ನು ಆಸ್ಪತ್ರೆಯಲ್ಲಿ ನೋಡುತ್ತಾರೆ, ಎಕ್ಸ್‌ರೇ ನೋಡುತ್ತಾರೆ. ನಾನು ಅವರ ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಎಲ್ಲ ನೋಡುತ್ತೇನೆ. ಹಾಗಾಗಿ ಆ ಐದನೆಯವರು ಯಾರು ಎಂದು ನನಗೆ ಚೆನ್ನಾಗಿ ಗೊತ್ತು. ಅವರ ಬಗ್ಗೆಯೇ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಅರಕಲಗೂಡು ಕಡೆಯ ಒಬ್ಬ ಅಜ್ಜಿಯನ್ನು ತೆಗೆದುಕೊಳ್ಳಿ. ಎರಡೂ ಮಂಡಿ ಬದಲಾಗಿತ್ತು. ಕೆಲಸ ಅಂದರೆ ಕೆಲಸ, ಅಷ್ಟು ಚೆನ್ನಾಗಿ ಮಾಡಿದ್ದರು ಡಾಕ್ಟರು. ಸೊಟ್ಟಗಿದ್ದ ಕಾಲು ನೆಟ್ಟಗಾಗಿತ್ತು. ಹೊಲಿಗೆ ಗಾಯ ನೀಟಾಗಿ ಒಣಗಿತ್ತು. ಮಂಡಿ 115 ಡಿಗ್ರಿವರೆಗೆ ಮಡಚುತ್ತಿತ್ತು, ಪೂರ್ತಿ ಚಾಚಲೂ ಬರುತ್ತಿತ್ತು. ಕೋಲು ಹಿಡಿಯದೆ ಡೈರಿವರೆಗೆ ನಡೆದು ಬರುತ್ತಿದ್ದರು. ನನ್ನ ಫೈಲಿನಲ್ಲಿ ಎಲ್ಲ ಕಡೆಯೂ ಒಳ್ಳೆಯ ಗುರುತೇ. ಆದರೆ ಅಜ್ಜಿಯ ಮುಖದಲ್ಲಿ ಗೆಲುವೇ ಇರಲಿಲ್ಲ. ಯಾಕಜ್ಜಿ ಹೀಗೆ ಅಂತ ಕೇಳಿದೆ.

"ನೋವು ಹೋಯ್ತು ಕಣವ್ವ, ಸುಳ್ಳು ಹೇಳಬಾರದು. ಆದ್ರೆ ಹಸು ಕೆಳಗೆ ಕೂರೋಕಾಗಲ್ವಲ್ಲ. ಕೂರೋಕಾಗದೆ ಇರೋ ಮಂಡಿ ಇಟ್ಕೊಂಡು ನಾನೇನು ಮಾಡ್ಲಿ?"

ಹಾಲು ಕರೆಯುವವರನ್ನು ಹತ್ತಿರದಿಂದ ನೋಡಿದ್ದೀರಲ್ವಾ? ಕುಕ್ಕರಗಾಲಲ್ಲಿ ಕೂತು, ಎರಡು ಮಂಡಿಗಳ ನಡುವೆ ಪಾತ್ರೆ ಒತ್ತಿ ಹಿಡಿದು, ಹಣೆಯನ್ನು ಹಸುವಿನ ಹೊಟ್ಟೆಗೆ ತಾಗಿಸಿಕೊಂಡು ಕರೆಯುತ್ತಾರೆ. ಹಸು ಕಾಲು ಎತ್ತಿದರೆ ತಕ್ಷಣ ಹಿಂದಕ್ಕೆ ಸರಿಯಬೇಕು. ಮಂಡಿ ಪೂರ್ತಿ ಮಡಚದಿದ್ದರೆ ಇದು ಆಗುವ ಕೆಲಸವೇ ಅಲ್ಲ. ಈ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಅದನ್ನೇ ಮಾಡಿಕೊಂಡು ಬಂದವರು. ಡೈರಿಯ ದುಡ್ಡು ಅವರ ಹೆಸರಿಗೆ ಬರುತ್ತಿತ್ತು. ಮೊಮ್ಮಕ್ಕಳಿಗೆ ಬಟ್ಟೆ, ಮಗಳು ಬಂದಾಗ ಕೈಗೆ ನಾಲ್ಕು ಕಾಸು, ತನ್ನ ಎಲೆ ಅಡಿಕೆ, ಎಲ್ಲ ಅದರಲ್ಲೇ. ಆಪರೇಷನ್ ಆದಮೇಲೆ ಸೊಸೆ ಹಾಲು ಕರೆಯುತ್ತಾಳೆ. ಪಾಸ್‌ಬುಕ್ಕೂ ಸೊಸೆಯ ಕೈಗೆ ಹೋಯಿತು. ಸೊಸೆ ಒಳ್ಳೆಯವಳೇ. ಆದರೂ ಕಾಸು ಬೇಕಾದರೆ ಅಜ್ಜಿ ಈಗ ಕೇಳಬೇಕು. ಆ ಕೇಳುವ ಕಷ್ಟ ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ.

ಅದೇ ಸಮಯದಲ್ಲಿ ಪೇಟೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಗೂ ಹೋಗುತ್ತಿದ್ದೆ. ಅವರ ಮಂಡಿ ತುಂಬಾ ಬಿಗಿ. ಎಷ್ಟು ಒದ್ದಾಡಿದರೂ 95 ಡಿಗ್ರಿ ದಾಟುತ್ತಿರಲಿಲ್ಲ. ನನಗೆ ಒಳಗೊಳಗೇ ಚಿಂತೆ. ಅವರು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಆಪರೇಷನ್ ಮಾಡಿಸಿಕೊಳ್ಳಿ ಅಂತ ಹೇಳುತ್ತಿದ್ದರು. ಯಾಕೆಂದರೆ ಅವರಿಗೆ ಬೇಕಾಗಿದ್ದು ಎರಡೇ. ರಾತ್ರಿ ನಿದ್ದೆ, ಬೆಳಗ್ಗೆ ಪಾರ್ಕಿನಲ್ಲಿ ಒಂದು ಸುತ್ತು. ಎರಡೂ ಸಿಕ್ಕಿತ್ತು. ಮನೆಯಲ್ಲಿ ಮೊದಲಿನಿಂದಲೂ ಕುರ್ಚಿ, ಮೇಜು, ಕಮೋಡ್. ಅವರು ನೆಲ ಮುಟ್ಟಿ ಎಷ್ಟೋ ವರ್ಷ ಆಗಿತ್ತು.

ಒಂಟಾರಿಯೊದ ಅಧ್ಯಯನ ಹೇಳುವುದೂ ಇದನ್ನೇ. ಅತೃಪ್ತಿಗೆ ಎಲ್ಲಕ್ಕಿಂತ ದೊಡ್ಡ ಕಾರಣ, ಅಂದುಕೊಂಡದ್ದು ಆಗದೆ ಹೋಗುವುದು. ನಿರೀಕ್ಷೆ ಈಡೇರದವರಲ್ಲಿ ಅತೃಪ್ತಿಯ ಸಾಧ್ಯತೆ ಹತ್ತು ಪಟ್ಟಿಗೂ ಜಾಸ್ತಿ ಇತ್ತು. ಇದು ನನಗೆ ಬಹಳ ಮುಖ್ಯವಾದ ಸಂಗತಿ ಅನ್ನಿಸುತ್ತದೆ. ಯಾಕೆಂದರೆ ನಿರೀಕ್ಷೆಯ ಬಗ್ಗೆ ಮಾತಾಡಬೇಕಾದದ್ದು ಆಪರೇಷನ್‌ಗೆ ಮುಂಚೆ. ಚಾಕು ಹಿಡಿಯುವ ಮೊದಲೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ.

ಲೆಕ್ಕ ಸರಳ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ 60–70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳುವುದಕ್ಕೆ 90–100 ಬೇಕು. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು 130 ದಾಟಬೇಕು. ಮಂಡಿ ಬದಲಾದ ಮೇಲೆ ಹೆಚ್ಚಿನವರಿಗೆ ಸಿಗುವುದು 110ರಿಂದ 120. ಕೆಲವರಿಗೆ ಇನ್ನೂ ಚೆನ್ನಾಗಿ ಮಡಚುತ್ತದೆ, ನಿಜ. ಆದರೆ ಮಡಚಿದರೂ ಪದೇಪದೇ ನೆಲದ ಮೇಲೆ ಕೂರಬೇಡಿ ಎಂದೇ ಹೆಚ್ಚಿನ ಡಾಕ್ಟರುಗಳು ಹೇಳುತ್ತಾರೆ. ತೊಡೆ ಮೂಳೆಯ ತುದಿಗೆ ಲೋಹದ ಟೋಪಿ, ಕೆಳಗಾಲಿನ ಮೂಳೆಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್. ಪೂರ್ತಿ ಮಡಚಿ ಕೂತಾಗ ಆ ಪ್ಲಾಸ್ಟಿಕ್ಕಿನ ಹಿಂದಿನ ಅಂಚಿನ ಮೇಲೆ ಭಾರ ಬೀಳುತ್ತದೆ.

ಆಪರೇಷನ್ ಚೆನ್ನಾಗಾಯಿತೋ ಇಲ್ಲವೋ ಅಂತ ಅಳೆಯಲು ಆಕ್ಸ್‌ಫರ್ಡ್ ನೀ ಸ್ಕೋರ್ ಎಂಬ ಪ್ರಶ್ನಾವಳಿ ಇದೆ. 1998ರಲ್ಲಿ ಬಂದದ್ದು. 12 ಪ್ರಶ್ನೆ, ಈಗ ಒಟ್ಟು 48 ಅಂಕ. ಲೋಕದ ಎಷ್ಟೋ ಅಧ್ಯಯನಗಳು ಇದರ ಮೇಲೇ ನಿಂತಿವೆ. ಕಾರು ಹತ್ತಿ ಇಳಿಯುವಾಗ ಕಷ್ಟವೇ, ಮೆಟ್ಟಿಲು ಇಳಿಯಬಲ್ಲಿರಾ, ಅಂಗಡಿಗೆ ಹೋಗಿ ಬರಬಲ್ಲಿರಾ ಎಂದು ಕೇಳುತ್ತದೆ. ಮೇಜಿನ ಮುಂದೆ ಊಟ ಮುಗಿಸಿ ಕುರ್ಚಿಯಿಂದ ಏಳುವಾಗ ಎಷ್ಟು ನೋವು ಎಂಬ ಪ್ರಶ್ನೆಯೂ ಇದೆ. ಮಂಡಿಯೂರಿ ಏಳಬಲ್ಲಿರಾ ಎಂದೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಪಂಕ್ತಿಯಲ್ಲಿ ಎಲೆ ಮುಂದೆ ಕೂರಬಲ್ಲಿರಾ, ಹೊಲದಲ್ಲಿ ಕಳೆ ಕೀಳಬಲ್ಲಿರಾ, ಹಳೆಯ ಕಕ್ಕಸಿನಲ್ಲಿ ಕೂತು ಏಳಬಲ್ಲಿರಾ ಎಂಬ ಮಾತು ಅದರಲ್ಲಿಲ್ಲ. ಅರಕಲಗೂಡಿನ ಅಜ್ಜಿಗೆ ಆ ಪ್ರಶ್ನಾವಳಿ ಕೊಟ್ಟರೆ ಒಳ್ಳೆಯ ಅಂಕವೇ ಬರುತ್ತದೆ. ಅವರ ದುಃಖ ಆ 12 ಪ್ರಶ್ನೆಗಳ ಹೊರಗೆ ಉಳಿಯುತ್ತದೆ.

ನೆಲದ ಮೇಲೆ ಕೂರುವವರಿಗಾಗಿಯೇ ಅಂತ ಜಾಸ್ತಿ ಮಡಚುವ ಇಂಪ್ಲಾಂಟ್‌ಗಳು, ಅಂದರೆ ಕೃತಕ ಮಂಡಿಗಳು, ಬಂದವು. ಹೈ ಫ್ಲೆಕ್ಸ್ ಅನ್ನುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಇದನ್ನು ಬಹಳ ಚೆನ್ನಾಗಿ ಪರೀಕ್ಷಿಸಿದರು. ಎರಡೂ ಮಂಡಿ ಬದಲಾಗಬೇಕಿದ್ದ 50 ಜನರಿಗೆ ಒಂದು ಕಾಲಿಗೆ ಮಾಮೂಲಿ ಇಂಪ್ಲಾಂಟ್, ಇನ್ನೊಂದು ಕಾಲಿಗೆ ಹೈ ಫ್ಲೆಕ್ಸ್. ಮನುಷ್ಯ ಒಬ್ಬನೇ, ಮಂಡಿ ಎರಡು ಬಗೆ. 2005ರಲ್ಲಿ ಫಲಿತಾಂಶ ಬಂತು. ಎರಡೂ ಮಂಡಿ ಹೆಚ್ಚುಕಮ್ಮಿ ಒಂದೇ ಸಮ ಮಡಚುತ್ತಿದ್ದವು. ಆಪರೇಷನ್‌ಗೆ ಮುಂಚೆ ಎಷ್ಟು ಮಡಚುತ್ತಿತ್ತು ಅನ್ನುವುದು ಇಂಪ್ಲಾಂಟಿನ ಹೆಸರಿಗಿಂತ ದೊಡ್ಡ ವಿಷಯ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಅರ್ಧ ಮಂಡಿಯ ವಿಷಯ. ಮಂಡಿಯ ಒಳಬದಿ, ಅಂದರೆ ಇನ್ನೊಂದು ಮಂಡಿಯ ಕಡೆಗಿರುವ ಬದಿ, ಮಾತ್ರ ಸವೆದು, ಉಳಿದದ್ದೆಲ್ಲ ಚೆನ್ನಾಗಿದ್ದರೆ ಅಷ್ಟನ್ನೇ ಬದಲಾಯಿಸಬಹುದು. ಮೂಳೆಗಳನ್ನು ಹಿಡಿದಿಡುವ ಲಿಗಮೆಂಟುಗಳು ಹಾಗೇ ಉಳಿಯುತ್ತವೆ. ಬೇಗ ಓಡಾಡುತ್ತಾರೆ, ಚೆನ್ನಾಗಿ ಮಡಚುತ್ತದೆ. "ಇದು ನನ್ನದೇ ಮಂಡಿ ಅನ್ನಿಸುತ್ತೆ ಮೇಡಂ" ಎನ್ನುವವರು ಇವರಲ್ಲಿ ಜಾಸ್ತಿ ಎಂದು ನನ್ನ ಅನುಭವ. ಬ್ರಿಟನ್ನಿನ ಟಾಪ್‌ಕ್ಯಾಟ್ ಎಂಬ ಪರೀಕ್ಷೆಯಲ್ಲಿ 528 ಜನರಿಗೆ ಅರ್ಧ ಅಥವಾ ಪೂರ್ತಿ ಮಂಡಿ ಬದಲಾವಣೆ ಮಾಡಿ ಐದು ವರ್ಷ ನೋಡಿದರು. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಆಕ್ಸ್‌ಫರ್ಡ್ ಅಂಕಗಳಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಬರಲಿಲ್ಲ. ಖರ್ಚಿನ ಲೆಕ್ಕ ಹಾಕಿದರೆ ಅರ್ಧ ಮಂಡಿಯೇ ಮೇಲು. ಆದರೆ ಬಾಳಿಕೆ ನೋಡಿ. ಅದೇ ವರ್ಷ ಬಂದ ಇನ್ನೊಂದು ಲೆಕ್ಕದ ಪ್ರಕಾರ 25 ವರ್ಷಕ್ಕೆ ಪೂರ್ತಿ ಬದಲಾದ ಮಂಡಿಗಳಲ್ಲಿ ಸುಮಾರು ಶೇ 82 ಉಳಿದಿರುತ್ತವೆ, ಅರ್ಧ ಬದಲಾದವುಗಳಲ್ಲಿ ಸುಮಾರು ಶೇ 70. ಅಂದರೆ ಇನ್ನೊಮ್ಮೆ ಆಪರೇಷನ್ ಆಗುವ ಸಾಧ್ಯತೆ ಇದರಲ್ಲಿ ಜಾಸ್ತಿ. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ವಯಸ್ಸು ಕೇಳುತ್ತೇನೆ, ಕೆಲಸ ಕೇಳುತ್ತೇನೆ.

ವಯಸ್ಸು ಇನ್ನೂ ಐವತ್ತರ ಆಸುಪಾಸು, ಕಾಲು ಬಿಲ್ಲಿನ ಹಾಗೆ ಬಾಗಿದೆ, ಒಳಬದಿ ಮಾತ್ರ ಸವೆದಿದೆ, ಮೈಮುರಿದು ದುಡಿಯುವವರು ಅಂದರೆ ಮೂಳೆ ಕತ್ತರಿಸಿ ಕಾಲು ನೆಟ್ಟಗೆ ಮಾಡಿ ಪ್ಲೇಟ್ ಹಾಕುವ ಆಪರೇಷನ್ ಇದೆ. ಮಂಡಿ ತನ್ನದೇ ಉಳಿಯುತ್ತದೆ. ನೆಲದ ಮೇಲೆ ಕೂರಬಹುದು. ಮೂಳೆ ಕೂಡಲು ತಿಂಗಳುಗಟ್ಟಲೆ ಕಾಯಬೇಕು, ಮುಂದೆ ಎಂದೋ ಒಂದು ದಿನ ಮಂಡಿ ಬದಲಾಯಿಸಬೇಕಾಗಿಯೂ ಬರಬಹುದು. ನಮ್ಮ ರೈತರಿಗೆ ಇದರ ಬಗ್ಗೆ ಹೇಳುವವರು ಕಡಿಮೆ ಅನ್ನುವುದು ನನ್ನ ಕೊರಗು.

ಇನ್ನು ಕೀಹೋಲ್ ಆಪರೇಷನ್, ಅಂದರೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವುದು. ಇಲ್ಲಿ ವಿಷಯ ತುಂಬಾ ವಿಚಿತ್ರ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆದ 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಒಳಗೆ ಹೆರೆದು ಶುದ್ಧ ಮಾಡಿದರು. ಇನ್ನೊಂದಕ್ಕೆ ಬರೀ ನೀರು ಹಾಯಿಸಿ ತೊಳೆದರು. ಮೂರನೆಯ ಗುಂಪಿಗೆ ಚರ್ಮದ ಮೇಲೆ ಗಾಯ ಮಾಡಿ ಹೊಲಿಗೆ ಹಾಕಿದರು, ಅಷ್ಟೇ. ಯಾರಿಗೆ ಏನು ಮಾಡಿದ್ದಾರೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ: ಮೂರೂ ಗುಂಪು ಒಂದೇ. 2013ರಲ್ಲಿ ಫಿನ್ಲೆಂಡಿನಿಂದ ಇನ್ನೊಂದು ಬಂತು. ಮಂಡಿಯೊಳಗೆ ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಮೆನಿಸ್ಕಸ್ ಸವೆದು ಹರಿದಿದ್ದ 146 ಜನ. ಕೆಲವರಿಗೆ ಹರಿದ ಭಾಗ ಕತ್ತರಿಸಿ ತೆಗೆದರು. ಉಳಿದವರಿಗೆ ಕ್ಯಾಮೆರಾ ಹಾಕಿ ಒಳಗೆ ನೋಡಿದರು, ಕತ್ತರಿಸುವ ನಾಟಕ ಮಾಡಿದರು, ಏನೂ ತೆಗೆಯಲಿಲ್ಲ. ಒಂದು ವರ್ಷದ ಮೇಲೆ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಇದೇ ಆಪರೇಷನ್ ಮಾಡಿಸಿಕೊಳ್ಳುತ್ತೀರಾ ಎಂದು ಕೇಳಿದಾಗ ಎರಡೂ ಗುಂಪಿನಲ್ಲಿ ಶೇ 90ಕ್ಕೂ ಹೆಚ್ಚು ಜನ ಹೂಂ ಎಂದರು!

ಇದನ್ನು ಮೊದಲ ಸಲ ಓದಿದಾಗ ಬಹಳ ಹೊತ್ತು ಯೋಚನೆ ಮಾಡಿದೆ. ಏನೂ ಮಾಡಿಸಿಕೊಳ್ಳದವರೂ ತೃಪ್ತರು. ಹಾಗಾದರೆ ಅವರು ಸುಳ್ಳು ಹೇಳಿದರೇ? ಖಂಡಿತ ಇಲ್ಲ. ಅವರಿಗೆ ನಿಜವಾಗಿಯೂ ಕಡಿಮೆಯಾಗಿತ್ತು. ಸವೆತದ ನೋವು ಏರುತ್ತದೆ, ಇಳಿಯುತ್ತದೆ. ನೋವು ತಾಳಲಾರದಷ್ಟು ಏರಿದಾಗಲೇ ಜನ ಆಪರೇಷನ್‌ಗೆ ಹೋಗುವುದು. ಅದು ಹೇಗಿದ್ದರೂ ಸ್ವಲ್ಪ ಇಳಿಯುತ್ತಿತ್ತು. ಮೇಲಾಗಿ ಯಾರೋ ತಿಳಿದವರು ನಮ್ಮನ್ನು ಗಮನಿಸಿದರು, ವಿಶ್ರಾಂತಿ ಕೊಟ್ಟರು, ವ್ಯಾಯಾಮ ಮಾಡಿಸಿದರು. ಅದಕ್ಕೂ ಬಲ ಇದೆ. ಆದ್ದರಿಂದ "ನನ್ನ ಭಾವನಿಗೆ ಕೀಹೋಲ್ ಮಾಡಿಸಿ ಪೂರ್ತಿ ಗುಣ ಆಯ್ತು" ಎಂದು ಯಾರಾದರೂ ಹೇಳಿದರೆ ನಾನು ಅವರನ್ನು ನಂಬುತ್ತೇನೆ. ಆದರೆ ಗುಣವಾಗಿದ್ದು ಆ ಕತ್ತರಿಯಿಂದಲೇ ಎಂದು ಒಪ್ಪುವುದಿಲ್ಲ. ವಯಸ್ಸಾಗಿ ಸವೆದ ಮಂಡಿಗೆ ಕೀಹೋಲ್ ಬೇಡ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳಿದೆ. ಹುಡುಗರಿಗೆ ಆಟದಲ್ಲಿ ಹರಿದ ಮೆನಿಸ್ಕಸ್ ಬೇರೆ ವಿಷಯ, ಅದನ್ನು ಇದರ ಜೊತೆ ಸೇರಿಸಬಾರದು.

ಹುಡುಗರ ಮಾತು ಬಂತಲ್ಲ. ಕಬಡ್ಡಿ, ವಾಲಿಬಾಲ್ ಆಡಿ ಮಂಡಿಯ ನಡುವಿನ ಎಸಿಎಲ್ ಎಂಬ ಲಿಗಮೆಂಟ್ ಹರಿದುಕೊಂಡು ಬರುವವರ ತೃಪ್ತಿಯ ಅಳತೆಯೇ ಬೇರೆ. ಅವರಿಗೆ ನೋವಲ್ಲ ಮುಖ್ಯ, ಮತ್ತೆ ಅಂಗಳಕ್ಕೆ ಇಳಿಯುವುದು. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2014ರಲ್ಲಿ ಮಾಡಿದ ಲೆಕ್ಕದಲ್ಲಿ, ಆಪರೇಷನ್ ಆದವರಲ್ಲಿ ಶೇ 81 ಮಂದಿ ಯಾವುದೋ ಒಂದು ಆಟಕ್ಕೆ ಮರಳಿದ್ದರು. ಪಂದ್ಯಗಳ ಮಟ್ಟಕ್ಕೆ ಮರಳಿದವರು ಶೇ 55 ಮಾತ್ರ. ಸ್ವೀಡನ್ನಿನಲ್ಲಿ 121 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ಬೇಗನೆ ಆಪರೇಷನ್ ಮಾಡಿದರು, ಉಳಿದವರಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್. ಎರಡು ವರ್ಷದ ನಂತರ ಎರಡೂ ಗುಂಪು ಸಮ. ವ್ಯಾಯಾಮದ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆಪರೇಷನ್ನೇ ಬೇಕಾಗಲಿಲ್ಲ. ಇದನ್ನು ಹೇಳಿದರೆ ಹುಡುಗರಿಗೆ ಕೋಪ ಬರುತ್ತದೆ. ಬರಲಿ. ತೊಡೆಯ ಸ್ನಾಯುವಿಗೆ ಬಲ ಬರಿಸದೆ ಅಂಗಳಕ್ಕೆ ಇಳಿದು ಮತ್ತೆ ಹರಿದುಕೊಂಡವರನ್ನು ನಾನು ನೋಡಿದ್ದೇನೆ.

ಮಂಡಿ ಬದಲಾವಣೆಗೆ ಮರಳುತ್ತೇನೆ, ನನ್ನ ಹೆಚ್ಚಿನ ಜನ ಅವರೇ. ಮೊದಲ ತಿಂಗಳಲ್ಲಿ ತೊಡೆಯ ಸ್ನಾಯು ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುತ್ತದೆ. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ. ಗಾಯದ ಹೊರಬದಿಯಲ್ಲಿ ಒಂದು ಅಂಗೈಯಷ್ಟು ಜಾಗ ಜೋಮು ಹಿಡಿದಂತೆ ಇರುತ್ತದೆ, ಅಲ್ಲಿನ ಸಣ್ಣ ನರ ಕತ್ತರಿಸಿರುವುದರಿಂದ. ನಡೆಯುವಾಗ ಟಕ್ ಟಕ್ ಸದ್ದು ಬರಬಹುದು. ಇದೆಲ್ಲ ಮಾಮೂಲಿ. ಆದರೆ ಮುಂಚೆ ಯಾರೂ ಹೇಳದಿದ್ದರೆ ರೋಗಿಗೆ ಇವೆಲ್ಲ ಆಪರೇಷನ್ ಕೆಟ್ಟಿರುವ ಗುರುತಾಗಿ ಕಾಣುತ್ತವೆ. ಎಷ್ಟೋ ಜನ ಈ ಜೋಮಿಗೆ ಹೆದರಿ ರಾತ್ರಿಯಿಡೀ ಕಾಲು ಒತ್ತಿ ಒತ್ತಿ ನೋಡಿಕೊಳ್ಳುತ್ತಾರೆ. ಇನ್ನು ಕೆಲವರ ನೋವು ನಿಜವಾಗಿಯೂ ಹೋಗುವುದಿಲ್ಲ. ಬೆನ್ನು, ಸೊಂಟದ ತೊಂದರೆ ಜೊತೆಗಿದ್ದವರು, ಮನಸ್ಸು ಕುಗ್ಗಿದ್ದವರು, ಎಕ್ಸ್‌ರೇಯಲ್ಲಿ ಸವೆತ ಅಷ್ಟೇನೂ ಇಲ್ಲದೆ ಆಪರೇಷನ್ ಮಾಡಿಸಿಕೊಂಡವರು ಇವರಲ್ಲಿ ಜಾಸ್ತಿ. ಸವೆತ ಕಡಿಮೆ ಇದ್ದರೆ ಫಲ ಹೆಚ್ಚು ಅಂತ ಜನ ತಿಳಿಯುತ್ತಾರೆ, ಆಗುವುದು ಉಲ್ಟಾ.

ದುಡ್ಡಿನ ಮಾತೂ ಇದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಂಪ್ಲಾಂಟಿನ ಬೆಲೆಗೆ ಮಿತಿ ಹಾಕಿತು. ಅಲ್ಲಿಯವರೆಗೆ ಸರಾಸರಿ ಒಂದೂವರೆ ಲಕ್ಷದ ಮೇಲಿದ್ದ ಸಾಮಾನ್ಯ ಇಂಪ್ಲಾಂಟ್ ಜಿಎಸ್‌ಟಿ ಬಿಟ್ಟು 54,720 ರೂಪಾಯಿಗೆ ಇಳಿಯಿತು. ದೊಡ್ಡ ಉಪಕಾರ ಅದು. ಆದರೂ ಆಸ್ಪತ್ರೆಯ ಉಳಿದ ಖರ್ಚು ಇದ್ದೇ ಇರುತ್ತದೆ. ಮಗ ಸಾಲ ಮಾಡಿರುತ್ತಾನೆ, ಇಲ್ಲವೇ ಬೆಂಗಳೂರಿನಿಂದ ರಜೆ ಹಾಕಿ ಬಂದಿರುತ್ತಾನೆ. ಅಂಥ ಮಗ ಫೋನ್ ಮಾಡಿ "ಅಮ್ಮ, ಈಗ ಹೇಗಿದೆ?" ಎಂದರೆ ಯಾವ ತಾಯಿ ತಾನೇ ಚೆನ್ನಾಗಿಲ್ಲ ಅನ್ನುತ್ತಾಳೆ? "ಚೆನ್ನಾಗಿದೀನಪ್ಪ, ನೀನು ಊಟ ಮಾಡ್ದಾ?" ಎನ್ನುತ್ತಾಳೆ. ಫೋನ್ ಇಟ್ಟು ನನ್ನ ಕಡೆ ತಿರುಗಿ ರಾತ್ರಿ ಎಷ್ಟು ಹೊತ್ತು ಎದ್ದು ಕೂತಿದ್ದೆ ಅಂತ ಹೇಳುತ್ತಾಳೆ. ಆಸ್ಪತ್ರೆಯಿಂದ ಕರೆ ಬಂದಾಗಲೂ ಇದೇ ಚೆನ್ನಾಗಿದೀನಿ. ಕೇಳುವವರು ಯಾರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹಾಗಾಗಿ ಶೇ 90, ಶೇ 95 ಜನ ಖುಷಿಯಾಗಿದ್ದಾರೆ ಎಂಬ ಜಾಹೀರಾತು ಕಂಡರೆ, ಯಾರು ಕೇಳಿದರು, ಎಲ್ಲಿ ಕೇಳಿದರು, ಎಷ್ಟು ತಿಂಗಳಿಗೆ ಕೇಳಿದರು ಎಂದು ನಾನು ಮೊದಲು ನೋಡುತ್ತೇನೆ.

ಇಷ್ಟೆಲ್ಲ ಬರೆದದ್ದು ಆಪರೇಷನ್ ಬೇಡ ಎನ್ನಲು ಅಲ್ಲ. ಡೆನ್ಮಾರ್ಕಿನಲ್ಲಿ 100 ಜನರ ಮೇಲೆ ನಡೆದ ಪರೀಕ್ಷೆ 2015ರಲ್ಲಿ ಬಂತು. ಅರ್ಧ ಮಂದಿಗೆ ಮಂಡಿ ಬದಲಾವಣೆಯ ಜೊತೆ ವ್ಯಾಯಾಮ, ತೂಕ ಇಳಿಸುವ ಸಲಹೆ, ಔಷಧಿ. ಇನ್ನರ್ಧಕ್ಕೆ ಆಪರೇಷನ್ ಬಿಟ್ಟು ಉಳಿದದ್ದೆಲ್ಲ. ವರ್ಷದ ಕೊನೆಗೆ ಆಪರೇಷನ್ ಆದವರಿಗೇ ಹೆಚ್ಚು ಗುಣ, ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಆಪರೇಷನ್ ಇಲ್ಲದ ಗುಂಪಿನಲ್ಲಿ ನಾಲ್ಕರಲ್ಲಿ ಮೂರು ಮಂದಿ ಆ ವರ್ಷ ಆಪರೇಷನ್ ಇಲ್ಲದೆಯೇ ಕಳೆದರು. ಮಂಡಿ ಬದಲಾವಣೆ ಕೆಲಸ ಮಾಡುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಗೋಡೆ ಹಿಡಿದು ಅಳುತ್ತಾ ಬಚ್ಚಲಿಗೆ ಹೋಗುತ್ತಿದ್ದವರು ಜಾತ್ರೆಗೆ ನಡೆದು ಹೋಗಿದ್ದನ್ನು ಕಂಡಿದ್ದೇನೆ. ನನ್ನ ತಕರಾರು ಒಂದೇ. ನೋವು ಹೋಗುತ್ತದೆ ಎಂದು ಹೇಳುವವರು, ನೆಲ ದೂರವಾಗುತ್ತದೆ ಎಂದೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಸಹಿ ಹಾಕಿಸುವ ಕಾಗದದಲ್ಲಿ ಸೋಂಕು, ರಕ್ತ ಹೆಪ್ಪುಗಟ್ಟುವುದು ಎಲ್ಲ ಬರೆದಿರುತ್ತದೆ. ಹಾಲು ಕರೆಯುವ ವಿಷಯ ಬರೆದಿರುವುದಿಲ್ಲ.

ಅದಕ್ಕೇ ಈಗ ಆಪರೇಷನ್‌ಗೆ ಮುಂಚೆ ಯಾರಾದರೂ ಕರೆದರೆ ಖಂಡಿತ ಹೋಗುತ್ತೇನೆ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತೀರಿ ಹೇಳಿ ಎನ್ನುತ್ತೇನೆ. ಯಾವುದು ಬಿಟ್ಟುಹೋಗಿದೆ, ಅದರಲ್ಲಿ ಯಾವುದು ವಾಪಸ್ ಬೇಕು ಎಂದು ಕೇಳುತ್ತೇನೆ. ಮೊನ್ನೆ ಸಕಲೇಶಪುರ ಕಡೆಯ ಒಬ್ಬ ಅಮ್ಮನ ಮನೆಗೆ ಹೋಗಿದ್ದೆ. ಅವರು ಎರಡು ಹೇಳಿದರು. ಬಸ್ ಹತ್ತಿ ಮಗಳ ಮನೆಗೆ ಹೋಗಬೇಕು, ಬಾಗಿಲ ಮುಂದೆ ಕೂತು ರಂಗೋಲಿ ಹಾಕಬೇಕು. ಬಸ್ ಕೆಲವು ತಿಂಗಳಲ್ಲಿ ಆಗುತ್ತೆ ಅಮ್ಮ, ಕೂತು ರಂಗೋಲಿ ಕಷ್ಟ ಎಂದೆ. ಅರ್ಧ ಮಂಡಿ ಆಗುತ್ತಾ ಎಂದು ಅವರ ಯಜಮಾನರು ಕೇಳಿದರು. ಮಂಡಿಯ ಎರಡೂ ಬದಿ ಸವೆದಿದೆ, ಅರ್ಧ ಮಾಡಲು ಬರುವುದಿಲ್ಲ ಎಂದು ಡಾಕ್ಟರು ಆಗಲೇ ಬರೆದಿದ್ದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ರಂಗೋಲಿ ನಿಂತು ಬಗ್ಗಿ ಹಾಕಿದ್ರಾಯ್ತು ಬಿಡಿ. ಮಗಳ ಮನೆಗೆ ಹೋಗಿ ಎರಡು ವರ್ಷ ಆಯ್ತು" ಎಂದರು.

ದೀಪಾವಳಿ ಕಳೆದ ಮೇಲೆ ಅವರ ಆಪರೇಷನ್. ಅಷ್ಟರಲ್ಲಿ ಕಮೋಡ್ ಕೂರಿಸಿ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಲು ಮಗನಿಗೆ ಹೇಳಿ ಬಂದಿದ್ದೇನೆ. ತೊಡೆಯ ವ್ಯಾಯಾಮ ಅವತ್ತಿನಿಂದಲೇ ಶುರು ಮಾಡಿಸಿದೆ.